ನಂಬರ್ ಹಾಕಿದ ಕೋಟು: ಕಾಯ್ದಿರಿಸುವುದರಿಂದ ಮೊದಲ ಚಳಿಗಾಲದವರೆಗೆ

ಮೇಲರ್ಧ ವೆಂಟೈಲ್ ಎಂಬ ಒತ್ತು ನೇಯ್ಗೆಯ ಹತ್ತಿಬಟ್ಟೆ, ಕೆಳಗರ್ಧ ಹ್ಯಾರಿಸ್ ಟ್ವೀಡ್ ಎಂಬ ದಪ್ಪ ಉಣ್ಣೆಬಟ್ಟೆ. 1950ರ ದಶಕದ ಪರ್ವತಾರೋಹಿಗಳ ಕೋಟಿನ ಮಾದರಿ. ಒಳಜೇಬಿನ ಮೇಲೆ ಹೊಲಿದ ಪಟ್ಟಿಯಲ್ಲಿ ಕೈಬರಹದ ನಂಬರ್. ಬೆಲೆ 1,150 ಪೌಂಡ್. ಬ್ರಿಟನ್ನಿನ ಸಣ್ಣ ತಯಾರಕರೊಬ್ಬರು ಸೀಮಿತ ಸಂಖ್ಯೆಯಲ್ಲಿ ಹೊಲಿದ ಈ ಕೋಟನ್ನು ಮುಂಗಡ ಕೊಟ್ಟು ಕಾಯ್ದಿರಿಸಿ, ಹೇಳಿದ ಗಡುವು ಮೀರಿ ಕಾದು, ಕೈಗೆ ಬಂದ ಮೇಲೆ ಒಂದು ಇಡೀ ಚಳಿಗಾಲ ತೊಟ್ಟಿದ್ದೇನೆ. ಇಂಥದ್ದಕ್ಕೆ ಇಷ್ಟು ಹಣ ಕೊಡಬಹುದೇ ಎಂದು ಯೋಚಿಸುತ್ತಿರುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಚಿತ್ರ ನೋಡಿ ಆಸೆಪಡುವುದು ಸುಲಭ. ಯಾವ ಪ್ರಶ್ನೆ ಕೇಳಬೇಕು, ಯಾವ ಹಂತದಲ್ಲಿ ಯಾವ ಹಕ್ಕು ಕೈತಪ್ಪುತ್ತದೆ, ಬಟ್ಟೆ ನಿಜವಾಗಿ ಏನು ಮಾಡುತ್ತದೆ ಎಂಬುದು ಮಾತ್ರ ಒಂದೇ ಕಡೆ ಸಿಗುವುದಿಲ್ಲ.

ಮೊದಲು ಬಟ್ಟೆಯ ವಿಷಯ. ಇಡೀ ಬೆಲೆ ನಿಂತಿರುವುದು ಅದರ ಮೇಲೆ.

ಪರಂಪರೆಯ ಹೊರಉಡುಪು ಎಂದು ಮಾರುವ ಕೋಟುಗಳಲ್ಲಿ ಹೆಚ್ಚಿನವು ನಾಲ್ಕು ಬಗೆಯ ಬಟ್ಟೆಗಳ ಸುತ್ತ ಇರುತ್ತವೆ. ಬಿಗಿಯಾಗಿ ನೇಯ್ದ ಗ್ಯಾಬರ್ಡೀನ್ ಒಂದು. ಥಾಮಸ್ ಬರ್ಬೆರಿ ಇದನ್ನು ರೂಪಿಸಿ 1888ರಲ್ಲಿ ಪೇಟೆಂಟ್ ಪಡೆದ. 1924ರ ಎವರೆಸ್ಟ್ ಯಾತ್ರೆಯಲ್ಲಿ ಜಾರ್ಜ್ ಮ್ಯಾಲರಿ ತೊಟ್ಟದ್ದೂ ಇದನ್ನೇ. ಎಣ್ಣೆ, ಮೇಣ ಕುಡಿಸಿದ ಹತ್ತಿಬಟ್ಟೆ, ಅಂದರೆ ವ್ಯಾಕ್ಸ್ಡ್ ಕಾಟನ್ ಇನ್ನೊಂದು. ಸ್ಕಾಟ್ಲೆಂಡಿನ ಡಂಡಿಯ ಕಂಪನಿ ಹ್ಯಾಲಿ ಸ್ಟೀವನ್‌ಸನ್ಸ್ 1864ರಿಂದ ಈ ವ್ಯವಹಾರದಲ್ಲಿದೆ. ಸೌತ್ ಶೀಲ್ಡ್ಸ್‌ನಲ್ಲಿ 1894ರಲ್ಲಿ ಶುರುವಾದ ಬಾರ್ಬರ್ ಕಂಪನಿ ಈ ಬಟ್ಟೆಯ ಕೋಟುಗಳಿಗೇ ಹೆಸರಾಯಿತು. ಮೂರನೆಯದು ವೆಂಟೈಲ್, ನಾಲ್ಕನೆಯದು ಟ್ವೀಡ್. ನನ್ನ ಕೋಟಿನಲ್ಲಿರುವುದು ಕೊನೆಯ ಎರಡಾದ್ದರಿಂದ ಅವುಗಳ ಬಗ್ಗೆ ಸ್ವಲ್ಪ ವಿವರವಾಗಿ ಹೇಳುತ್ತೇನೆ.

ವೆಂಟೈಲ್ ಎರಡನೇ ಮಹಾಯುದ್ಧದ ಕಾಲದ ಬಟ್ಟೆ. ಮ್ಯಾಂಚೆಸ್ಟರಿನ ಹತ್ತಿ ಸಂಶೋಧನಾ ಸಂಸ್ಥೆ ಶರ್ಲಿ ಇನ್‌ಸ್ಟಿಟ್ಯೂಟ್ ಇದನ್ನು ಸಿದ್ಧಪಡಿಸಿತು. ಆರ್ಕ್‌ಟಿಕ್ ಮಾರ್ಗದ ಹಡಗುಗಳಿಗೆ ಕಾವಲಾಗಿ ಹಾರುತ್ತಿದ್ದ ಪೈಲಟ್‌ಗಳು ಹೆಪ್ಪುಗಟ್ಟುವ ನೀರಿಗೆ ಬಿದ್ದರೆ ಕೆಲವೇ ನಿಮಿಷ ಬದುಕುತ್ತಿದ್ದರು. ವಿಮಾನದೊಳಗೆ ಬೆವರದೆ ತೊಡಬಹುದಾದ, ನೀರಿಗೆ ಬಿದ್ದೊಡನೆ ಮುಚ್ಚಿಕೊಳ್ಳುವ ಬಟ್ಟೆ ಅವರಿಗೆ ಬೇಕಿತ್ತು. ಉದ್ದನೆಯ ಎಳೆಯ ಹತ್ತಿಯನ್ನು ಕಡಿಮೆ ಹುರಿ ಹಾಕಿ ನೂತು, ಹಾಸು ಹೊಕ್ಕುಗಳನ್ನು ಸಾಧ್ಯವಾದಷ್ಟು ಒತ್ತಾಗಿ ನೇಯ್ದರೆ, ಒದ್ದೆಯಾದ ಎಳೆ ಉಬ್ಬಿ ನೇಯ್ಗೆಯ ರಂಧ್ರಗಳನ್ನು ತಾನೇ ಮುಚ್ಚುತ್ತದೆ. ಮೇಲೆ ಬಳಿದ ಪ್ಲಾಸ್ಟಿಕ್ ಇಲ್ಲ, ಒಳಗೆ ಅಂಟಿಸಿದ ಪೊರೆ ಇಲ್ಲ. ಇಷ್ಟು ಒತ್ತಾಗಿ ನೇಯಲು ಮಗ್ಗ ನಿಧಾನವಾಗಿ ಓಡಬೇಕು, ಉದ್ದೆಳೆಯ ಹತ್ತಿಯೂ ದುಬಾರಿ. ದರ ಏರುವುದು ಈ ಎರಡು ಕಾರಣಗಳಿಂದ.

ಹ್ಯಾರಿಸ್ ಟ್ವೀಡಿನ ಬೆಲೆಗೆ ಕಾನೂನೇ ಒಂದು ಕಾರಣ. 1993ರ ಹ್ಯಾರಿಸ್ ಟ್ವೀಡ್ ಕಾಯ್ದೆಯ ಪ್ರಕಾರ ಶುದ್ಧ ಹೊಸ ಉಣ್ಣೆಗೆ ಬಣ್ಣ ಹಾಕಿ ನೂಲುವುದು, ನೇಯುವುದು, ಕೊನೆಯ ಸಂಸ್ಕರಣೆ ಎಲ್ಲವೂ ಸ್ಕಾಟ್ಲೆಂಡಿನ ಔಟರ್ ಹೆಬ್ರಿಡೀಸ್ ದ್ವೀಪಗಳಲ್ಲೇ ಆಗಬೇಕು. ನೇಯ್ಗೆ ನೇಕಾರರ ಮನೆಯಲ್ಲೇ, ಕೈಮಗ್ಗದಲ್ಲಿ ನಡೆಯಬೇಕು; ಈ ಮಗ್ಗ ವಿದ್ಯುತ್ತಿಲ್ಲದೆ ಕಾಲಿನ ಬಲದಿಂದ ಓಡುತ್ತದೆ. ಪರಿಶೀಲನೆಯಲ್ಲಿ ಪಾಸಾದ ಬಟ್ಟೆಯ ಹಿಂಭಾಗಕ್ಕೆ ಗೋಳ ಮತ್ತು ಶಿಲುಬೆಯ ಮುದ್ರೆ ಬೀಳುತ್ತದೆ. ಈ ಮುದ್ರೆ 1911ರಿಂದ ಬಳಕೆಯಲ್ಲಿದೆ.

ಆದರೆ ಒಂದು ಮಾತು ಗಟ್ಟಿಯಾಗಿ ನೆನಪಿಡಿ. ಗೋಳದ ಮುದ್ರೆಯಾಗಲಿ ವೆಂಟೈಲಿನ ಚೀಟಿಯಾಗಲಿ ಬಟ್ಟೆಗೆ ಮಾತ್ರ ಸಾಕ್ಷಿ. ಅದನ್ನು ಕತ್ತರಿಸಿ ಹೊಲಿದವರ ಕೆಲಸದ ಬಗ್ಗೆ ಅವು ಏನನ್ನೂ ಹೇಳುವುದಿಲ್ಲ. ಅತ್ಯುತ್ತಮ ಟ್ವೀಡನ್ನು ಎಲ್ಲಿಗೋ ಕಳಿಸಿ, ಅವಸರದಲ್ಲಿ ಹೊಲಿಸಿ, ಮುದ್ರೆಯ ಲೇಬಲ್ ಹಚ್ಚಿ ಮಾರಲು ಯಾವ ಅಡ್ಡಿಯೂ ಇಲ್ಲ.

ಹಾಗಾಗಿ ಕೋಟಿನ ಘೋಷಣೆ ಬಂದ ಕೂಡಲೇ ತಯಾರಕರಿಗೆ ಪತ್ರ ಬರೆಯಬೇಕು. ನಾನು ಕೇಳಿದ್ದು ಇವು: ವೆಂಟೈಲ್ ಒಂದು ಪದರವೋ ಎರಡೋ? ಚದರ ಮೀಟರಿಗೆ ಎಷ್ಟು ಗ್ರಾಂ? ಟ್ವೀಡಿನ ತೂಕ ಎಷ್ಟು? ಕತ್ತರಿಸುವುದು, ಹೊಲಿಯುವುದು ಎಲ್ಲಿ? ಅಸ್ತರಿ ಹತ್ತಿಯೋ, ವಿಸ್ಕೋಸೋ, ಪಾಲಿಯೆಸ್ಟರೋ? ಜಿಪ್ ಯಾರದು, ಮುಂದೆ ಹಾಳಾದರೆ ಅದೇ ಜಿಪ್ ಸಿಗುತ್ತದೆಯೇ? ದುರಸ್ತಿ ನೀವೇ ಮಾಡುತ್ತೀರಾ? ಉತ್ತರ ಬರುವ ರೀತಿಯಲ್ಲೇ ಅರ್ಧ ವಿಷಯ ತಿಳಿಯುತ್ತದೆ. ಹೊಲಿಗೆಯ ಕೋಣೆಗೆ ಹತ್ತಿರ ಇರುವವರು ಗ್ರಾಂ, ಮಿಲಿಮೀಟರ್ ಲೆಕ್ಕದಲ್ಲಿ ಉತ್ತರಿಸುತ್ತಾರೆ. 'ಅತ್ಯುತ್ತಮ ಗುಣಮಟ್ಟದ ಸಾಮಗ್ರಿ' ಎಂದಷ್ಟೇ ಬಂದರೆ ಮುಂದುವರಿಯಬೇಡಿ.

'ಸೀಮಿತ ಆವೃತ್ತಿ' ಎಂದರೆ ಏನು ಎಂಬುದನ್ನೂ ಬಿಡಿಸಿ ಕೇಳಿ. ನಿಜವಾಗಿಯೂ ಬಟ್ಟೆ ಮುಗಿಯುವುದರಿಂದ ಸಂಖ್ಯೆ ಸೀಮಿತವಾಗುವುದುಂಟು. ಹಳೆಯ ಗಿರಣಿಯಲ್ಲಿ ಉಳಿದ ಬಟ್ಟೆ, ಅಥವಾ ಇದಕ್ಕೆಂದೇ ನೇಯಿಸಿದ ಒಂದೆರಡು ಥಾನು. ಐವತ್ತು ಮೀಟರಿನ ಥಾನಿನಲ್ಲಿ ಕೋಟಿಗೆ ಎರಡು ಮೀಟರ್ ಹಿಡಿದರೆ ಇಪ್ಪತ್ತೈದು ಕೋಟು, ಅಷ್ಟೇ. ಆಗ ಸಂಖ್ಯೆಗೆ ಅರ್ಥವಿದೆ. ಬಟ್ಟೆ ಗಿರಣಿಯ ಮಾಮೂಲಿ ಪಟ್ಟಿಯಲ್ಲೇ ಇದ್ದು, ಸಂಖ್ಯೆಯನ್ನು ಮಾರಾಟದವರು ನಿಗದಿ ಮಾಡಿದ್ದರೆ, ಮುಂದಿನ ವರ್ಷ ಗುಂಡಿಯ ಬಣ್ಣ ಬದಲಾಯಿಸಿ ಅದೇ ಕೋಟು ಮತ್ತೆ ಬರಬಹುದು. ನನ್ನದರಲ್ಲಿ ಟ್ವೀಡಿನ ವಿನ್ಯಾಸ ಇದಕ್ಕೆಂದೇ ನೇಯಿಸಿದ್ದು, ವೆಂಟೈಲ್ ಮಾಮೂಲಿಯದು.

ಅಳತೆಯ ವಿಷಯದಲ್ಲಿ ಹೆಚ್ಚು ಜನ ಎಡವುತ್ತಾರೆ. ಹಳೆಯ ಮಾದರಿಯನ್ನು ನಿಷ್ಠೆಯಿಂದ ಅನುಸರಿಸಿದ ಕೋಟುಗಳಲ್ಲಿ ಕಂಕುಳು ಮೇಲಿರುತ್ತದೆ, ತೋಳು ಸಣ್ಣ, ಉದ್ದ ಕಡಿಮೆ. ಆ ಕಾಲದ ಪ್ಯಾಂಟುಗಳ ಸೊಂಟ ಹೊಕ್ಕುಳ ಮಟ್ಟದಲ್ಲಿ ಇರುತ್ತಿತ್ತು. ಈಗಿನ ಪ್ಯಾಂಟಿನ ಮೇಲೆ ಅದೇ ಕೋಟು ಚಿಕ್ಕದಾಗಿ ಕಾಣುತ್ತದೆ. 'ಮೀಡಿಯಂ', 'ಲಾರ್ಜ್' ಎಂಬ ಹೆಸರುಗಳನ್ನು ನಂಬಬೇಡಿ. ನಿಮಗೆ ಚೆನ್ನಾಗಿ ಕೂರುವ ಕೋಟನ್ನು ಮೇಜಿನ ಮೇಲೆ ಹರಡಿ, ಗುಂಡಿ ಹಾಕಿ, ಒಂದು ಕಂಕುಳಿನಿಂದ ಇನ್ನೊಂದಕ್ಕೆ ಅಳೆಯಿರಿ. ಎದೆಯ ಸುತ್ತಳತೆ 100 ಸೆಂಟಿಮೀಟರ್ ಇದ್ದು ಒಳಗೆ ಅಂಗಿ, ಸ್ವೆಟರ್ ತೊಡುವವರಾದರೆ ಕೋಟಿನ ಸುತ್ತಳತೆ 112ರಿಂದ 116 ಇರಬೇಕು, ಅಂದರೆ ಮೇಜಿನ ಮೇಲೆ 56ರಿಂದ 58. ರಾಗ್ಲಾನ್ ತೋಳಾದರೆ, ಅಂದರೆ ಕತ್ತಿನಿಂದಲೇ ಶುರುವಾಗುವ ತೋಳಾದರೆ, ಭುಜದ ಹೊಲಿಗೆಯೇ ಇರುವುದಿಲ್ಲ, ಕತ್ತಿನ ಹಿಂಬದಿಯ ನಡುವಿನಿಂದ ತೋಳಿನ ತುದಿಯವರೆಗೆ ಅಳೆಯಬೇಕು. ತಯಾರಕರ ಅಳತೆಪಟ್ಟಿಯಲ್ಲಿ ಇರುವುದು ದೇಹದ ಅಳತೆಯೋ ಬಟ್ಟೆಯ ಅಳತೆಯೋ ಎಂದು ಕೇಳದೆ ಹಣ ಕಟ್ಟಬೇಡಿ.

ವೆಂಟೈಲಿಗೆ ಇನ್ನೊಂದು ಗುಣವಿದೆ: ಸೂಜಿ ಚುಚ್ಚಿದ ರಂಧ್ರ ಕಣ್ಣಿಗೆ ಕಾಣುವಂತೆ ಉಳಿಯುತ್ತದೆ. ಉಣ್ಣೆಯ ಬಟ್ಟೆಯಲ್ಲಿ ಹೊಲಿಗೆ ಬಿಚ್ಚಿ ಹಬೆ ಕೊಟ್ಟರೆ ಗುರುತು ಬಹುತೇಕ ಮಾಯವಾಗುತ್ತದೆ, ಇದರಲ್ಲಿ ಹಾಗಾಗದು. ತೋಳು ಗಿಡ್ಡ ಮಾಡಿಸಬಹುದು. ಒಳಗೆ ಮಡಚಿದ ಬಟ್ಟೆ ಬಿಟ್ಟು ಉದ್ದ ಮಾಡಿಸಿದರೆ ಹಳೆಯ ಹೊಲಿಗೆಯ ಗೆರೆ ಸಾಲು ಚುಕ್ಕೆಗಳಾಗಿ ನಿಲ್ಲುತ್ತದೆ, ಅಲ್ಲಿಂದ ನೀರೂ ಇಳಿಯುತ್ತದೆ. ಅನುಮಾನವಿದ್ದರೆ ಉದ್ದ ತೋಳಿನ ಸೈಜನ್ನೇ ಆರಿಸಿ.

ಕಾಯ್ದಿರಿಸುವ ದಿನ ಒಂದು ಇಕ್ಕಟ್ಟು ಎದುರಾಯಿತು. 'ಸಣ್ಣ ಶುಲ್ಕಕ್ಕೆ ತೋಳಿನ ಉದ್ದ ನಿಮಗೆ ಬೇಕಾದಂತೆ ಮಾಡಿಕೊಡುತ್ತೇವೆ' ಎಂಬ ಆಯ್ಕೆ ಇತ್ತು. ಕೇಳಲು ಸೌಜನ್ಯವೇ. ಬ್ರಿಟನ್ನಿನಲ್ಲಿ ದೂರದಿಂದ, ಅಂದರೆ ಆನ್‌ಲೈನ್ ಅಥವಾ ಫೋನಿನಲ್ಲಿ ಕೊಂಡ ವಸ್ತುವನ್ನು ಕೈಗೆ ಬಂದ ನಂತರ 14 ದಿನಗಳೊಳಗೆ ಕಾರಣ ಹೇಳದೆ ರದ್ದು ಮಾಡುವ ಹಕ್ಕನ್ನು 2013ರ ನಿಯಮಗಳು ಕೊಡುತ್ತವೆ. ಆದರೆ ಗ್ರಾಹಕರ ಅಳತೆಗೆಂದು ವಿಶೇಷವಾಗಿ ಮಾಡಿಸಿದ ವಸ್ತುವಿಗೆ ಆ ಹಕ್ಕಿಲ್ಲ. ಎರಡು ಸೆಂಟಿಮೀಟರ್ ತೋಳಿಗಾಗಿ ಸಾವಿರ ಪೌಂಡಿನ ಕೋಟನ್ನು ಹಿಂದಿರುಗಿಸುವ ಹಕ್ಕು ಕೈಬಿಡುವುದು ಜಾಣತನವಲ್ಲ. ಕೋಟನ್ನು ಇದ್ದಂತೆಯೇ ತರಿಸಿಕೊಂಡು, ಸರಿಯಾಗಿ ಕೂರುತ್ತದೆ ಎಂದು ಖಾತ್ರಿಯಾದ ಮೇಲೆ ಬೇರೆ ದರ್ಜಿಯಿಂದ ಸರಿಪಡಿಸಿಕೊಳ್ಳಿ. ನಂಬರನ್ನು ನಿಮ್ಮಿಷ್ಟದಂತೆ ಆರಿಸುವ ಅವಕಾಶ, ಹೆಸರಿನ ಅಕ್ಷರ ಕಸೂತಿ ಮಾಡಿಸುವ ಆಯ್ಕೆ ಬಂದರೂ ಇದೇ ಪ್ರಶ್ನೆ ಕೇಳಿ: ಇದರಿಂದ ರದ್ದತಿಯ ಹಕ್ಕು ಹೋಗುತ್ತದೆಯೇ? ಉತ್ತರ ಬರಹದಲ್ಲಿರಲಿ.

ಮುಂಗಡ ಶೇಕಡ 30, ಉಳಿದದ್ದು ಕಳಿಸುವ ಮುನ್ನ. ಮುಂಗಡವನ್ನು ಕ್ರೆಡಿಟ್ ಕಾರ್ಡಿನಲ್ಲೇ ಕಟ್ಟಿ. 1974ರ ಕನ್ಸ್ಯೂಮರ್ ಕ್ರೆಡಿಟ್ ಕಾಯ್ದೆಯ 75ನೇ ಸೆಕ್ಷನ್ ಪ್ರಕಾರ, 100 ಪೌಂಡ್‌ಗಿಂತ ಹೆಚ್ಚು ಮತ್ತು 30,000 ಪೌಂಡ್‌ವರೆಗಿನ ಬೆಲೆಯ ವಸ್ತುವಿಗೆ ಮಾರಿದವರಷ್ಟೇ ಹೊಣೆ ಕಾರ್ಡ್ ಕೊಟ್ಟ ಸಂಸ್ಥೆಗೂ ಇದೆ. ಮುಂಗಡವನ್ನಷ್ಟೇ ಕಾರ್ಡಿನಲ್ಲಿ ಕಟ್ಟಿದ್ದರೂ ಈ ರಕ್ಷಣೆ ಪೂರ್ತಿ ಬೆಲೆಗೆ ಸಿಗುತ್ತದೆ. ಸಣ್ಣ ತಯಾರಕರು ಅರ್ಧದಲ್ಲಿ ಬಾಗಿಲು ಮುಚ್ಚಿದರೆ ಮುಖ್ಯವಾಗಿ ಕೈಹಿಡಿಯುವುದು ಇದೇ. ಡೆಬಿಟ್ ಕಾರ್ಡಿಗೆ, ನೇರ ಬ್ಯಾಂಕ್ ವರ್ಗಾವಣೆಗೆ ಇದು ಅನ್ವಯಿಸುವುದಿಲ್ಲ. ನಡುವೆ ಬೇರೆ ಪಾವತಿ ಸೇವೆ ಬಂದರೆ ಈ ಸಂಬಂಧ ಕಡಿದುಹೋಗಬಹುದು. ಬ್ಯಾಂಕ್ ವರ್ಗಾವಣೆಗೆ ರಿಯಾಯಿತಿ ಕೊಡುತ್ತೇವೆ ಎಂದರೂ ಒಪ್ಪದಿರುವುದು ಲೇಸು.

ಬ್ರಿಟನ್ನಿನ ಹೊರಗಿನಿಂದ ಕೊಳ್ಳುವವರಿಗೆ ಲೆಕ್ಕ ಬೇರೆ. ಪಟ್ಟಿಯ ಬೆಲೆಯಲ್ಲಿ ಶೇಕಡ 20ರ ವ್ಯಾಟ್ ಸೇರಿರುತ್ತದೆ; ತಯಾರಕರು ನೇರವಾಗಿ ಹೊರದೇಶಕ್ಕೆ ರವಾನಿಸಿದರೆ ಅದನ್ನು ಕಳೆಯಬಹುದು. ಕಳೆಯುವುದು ಬೆಲೆಯ ಆರನೇ ಒಂದು ಭಾಗ, ಐದನೇ ಒಂದಲ್ಲ. 1,150ರ ಕೋಟು ಸುಮಾರು 958ಕ್ಕೆ ಇಳಿಯುತ್ತದೆ. ನಂತರ ನಿಮ್ಮ ದೇಶದ ಆಮದು ಸುಂಕ, ತೆರಿಗೆ. ಪ್ರವಾಸಿಗರು ಅಂಗಡಿಯಲ್ಲಿ ಕೊಂಡು ವಿಮಾನ ನಿಲ್ದಾಣದಲ್ಲಿ ವ್ಯಾಟ್ ಮರಳಿ ಪಡೆಯುತ್ತಿದ್ದ ವ್ಯವಸ್ಥೆ ಗ್ರೇಟ್ ಬ್ರಿಟನ್ನಿನಲ್ಲಿ 2021ರ ಆರಂಭದಿಂದ ಇಲ್ಲ. ಇನ್‌ವಾಯ್ಸಿನಲ್ಲಿ ಬಟ್ಟೆಯ ಸಂಯೋಜನೆ, ತಯಾರಾದ ದೇಶ, ಸುಂಕದ ಸಂಕೇತ ಇರಲೇಬೇಕು. ನೇಯ್ದ ಬಟ್ಟೆಯ ಗಂಡಸರ ಕೋಟುಗಳು 6201, ಹೆಂಗಸರದು 6202, ತೊಗಲಿನ ಉಡುಪು 4203. ಹುಡ್‌ನ ಅಂಚಿಗೆ ತೋಳದ ತುಪ್ಪಟವಿದ್ದರೆ ವನ್ಯಜೀವಿ ವ್ಯಾಪಾರದ ಸೈಟಿಸ್ ಒಪ್ಪಂದದ ಅನುಮತಿಪತ್ರವೂ ಬೇಕಾಗುತ್ತದೆ. ಅದಿಲ್ಲದೆ ಬಂದ ಕೋಟು ಕಸ್ಟಮ್ಸ್‌ನಲ್ಲಿ ಜಪ್ತಿಯಾಗಬಹುದು.

ಮುಂಗಡ ಕೊಟ್ಟ ಮೇಲೆ ಕಾಯುವಿಕೆ. ಶರತ್ಕಾಲಕ್ಕೆ ಮೊದಲು ಎಂದಿದ್ದರು, ಆ ಗಡುವು ಮೀರಿತು. ಟ್ವೀಡ್ ನೇಕಾರರ ಮನೆಯಿಂದ ಸಂಸ್ಕರಣೆಗೆ ಹೋಗುವುದು ತಡವಾಗಿದೆ ಎಂದು ಒಂದು ಪತ್ರ ಬಂತು. ಇದು ನೆಪವಲ್ಲ. ಮಗ್ಗದಿಂದ ಇಳಿದ ಬಟ್ಟೆ ಎಣ್ಣೆಯಿಂದ ಕೂಡಿ ಬಿರುಸಾಗಿರುತ್ತದೆ. ತಪ್ಪಿದ ಎಳೆಗಳನ್ನು ಕೈಯಿಂದ ತಿದ್ದಿ, ತೊಳೆದು, ಬಡಿದು ದಟ್ಟವಾಗಿಸಿ, ಒಣಗಿಸಿ, ಮೇಲ್ಮೈ ಸಮ ಕತ್ತರಿಸಿ, ಆಮೇಲೆ ಪರಿಶೀಲನೆ. ಒಂದು ಹಂತ ತಡವಾದರೆ ಹೊಲಿಗೆಯ ಕೋಣೆ ಆ ಸಮಯಕ್ಕೆ ಬೇರೆ ಕೆಲಸ ಹಿಡಿದಿರುತ್ತದೆ, ಸರದಿ ಹಿಂದಕ್ಕೆ ಹೋಗುತ್ತದೆ. ಇದೆಲ್ಲ ಗೊತ್ತಿದ್ದರೂ ಕಟ್ಟಿದ ಹಣದ ಚಿಂತೆ ಮನಸ್ಸಿನ ಮೂಲೆಯಲ್ಲಿ ಕುಳಿತೇ ಇರುತ್ತದೆ. ಪತ್ರವಿಲ್ಲದ ವಾರಗಳು ತಡವಾದ ಸುದ್ದಿಗಿಂತ ಹೆಚ್ಚು ಕಾಡುತ್ತವೆ. ಆರ್ಡರ್ ಮಾಡುವಾಗಲೇ 'ಇಂಥ ತಾರೀಖಿನೊಳಗೆ ಬಾರದಿದ್ದರೆ ಮುಂಗಡ ಪೂರ್ತಿ ವಾಪಸು' ಎಂದು ಬರೆಸಿಕೊಂಡರೆ ಈ ಚಿಂತೆ ಬಹಳ ಕಡಿಮೆಯಾಗುತ್ತದೆ.

ಎರಡನೇ ಪತ್ರ ಹೆಚ್ಚು ಮುಖ್ಯವಾಗಿತ್ತು: ಹೇಳಿದ್ದ ಸ್ವಿಸ್ ಜಿಪ್ ಬದಲು ಬೇರೆ ಜಿಪ್ ಹಾಕುತ್ತೇವೆ, ನೋಟದಲ್ಲಿ ವ್ಯತ್ಯಾಸವಿಲ್ಲ ಎಂದು. 2015ರ ಕನ್ಸ್ಯೂಮರ್ ರೈಟ್ಸ್ ಕಾಯ್ದೆಯ ಪ್ರಕಾರ ವಸ್ತು ಕೊಟ್ಟ ವಿವರಣೆಗೆ ಹೊಂದಲೇಬೇಕು. ಹೊಂದದಿದ್ದರೆ ಕೈಗೆ ಬಂದ 30 ದಿನಗಳೊಳಗೆ ತಿರಸ್ಕರಿಸಿ ಪೂರ್ತಿ ಹಣ ಪಡೆಯಬಹುದು. ಹಾಗಾಗಿ ಘೋಷಣೆಯ ದಿನವೇ ಉತ್ಪನ್ನದ ವಿವರಣೆಯ ಪೂರ್ತಿ ಪುಟವನ್ನು ಉಳಿಸಿಟ್ಟುಕೊಳ್ಳಿ. ಆಮೇಲೆ ಪುಟ ಬದಲಾಗುತ್ತದೆ, ನೆನಪಿಗೆ ಸಾಕ್ಷಿಯಿಲ್ಲ. ಬದಲಾದ ಜಿಪ್ ಯಾವುದು, ಲೋಹದ್ದೇ, ಎರಡೂ ಕಡೆಯಿಂದ ತೆರೆಯುವುದೇ, ಹಲ್ಲಿನ ಅಳತೆ ಎಷ್ಟು ಎಂದು ಕೇಳಿದ ಮೇಲೆ ಒಪ್ಪಿದೆ. ಸುಲಭವಾಗಿ ಸಿಗುವ ಜಿಪ್ ದುರಸ್ತಿಯ ದೃಷ್ಟಿಯಿಂದ ಒಳ್ಳೆಯದೇ.

ಪೆಟ್ಟಿಗೆ ಬಂದಾಗ ಸಂಭ್ರಮ ಸಹಜ. ಆದರೂ ಚೀಟಿಗಳನ್ನು ಕೀಳದೆ, ಹೊರಗೆ ತೊಟ್ಟು ಹೋಗದೆ, ಹಗಲು ಬೆಳಕಿನಲ್ಲಿ ಮೊದಲು ಪರೀಕ್ಷಿಸಿ. ಹೊರಗೆ ಬಳಸಿದ ಗುರುತಿದ್ದರೆ ಮರಳಿಸುವಾಗ ಹಣ ಕಡಿತವಾಗಬಹುದು.

ನಾನು ನೋಡಿದ ಕ್ರಮ ಹೀಗೆ. ಟ್ವೀಡಿನ ಚೌಕಳಿ ಎದುರುಬದಿಯ ಎರಡು ಭಾಗಗಳಲ್ಲಿ, ಜೇಬಿನ ಮುಚ್ಚಳದಲ್ಲಿ, ಪಕ್ಕದ ಹೊಲಿಗೆಯಲ್ಲಿ ಗೆರೆಗೆ ಗೆರೆ ಕೂಡಬೇಕು. ಹೀಗೆ ಕೂಡಿಸಲು ಹೆಚ್ಚು ಬಟ್ಟೆ ವ್ಯಯವಾಗುತ್ತದೆ, ಒಂದೊಂದೇ ಪದರವಾಗಿ ಕತ್ತರಿಸಬೇಕಾಗುತ್ತದೆ. ದುಬಾರಿ ಕೋಟು ಅಗ್ಗದ್ದಕ್ಕಿಂತ ಕಣ್ಣಿಗೆ ಬೇರೆಯಾಗುವುದು ಮೊದಲು ಇಲ್ಲೇ. ಆಮೇಲೆ ಕೋಟಿನ ಒಳಮಗ್ಗುಲನ್ನು ಹೊರಕ್ಕೆ ತಿರುಗಿಸಿ ಹೊಲಿಗೆಯ ಅಂಚು ನೋಡಿ. ವೆಂಟೈಲ್ ಭಾಗದಲ್ಲಿ ಎರಡೂ ಅಂಚುಗಳನ್ನು ಒಂದರೊಳಗೊಂದು ಮಡಚಿ ಎರಡು ಸಾಲು ಹೊಲಿದಿರಬೇಕು. ಬರೀ ಓವರ್‌ಲಾಕ್ ಇದ್ದರೆ ಈ ಬೆಲೆಗೆ ತಕ್ಕದ್ದಲ್ಲ. ಭುಜದ ಮೇಲೆ ಹೊಲಿಗೆ ಕಡಿಮೆಯಿದ್ದಷ್ಟೂ ಮಳೆಗೆ ಒಳ್ಳೆಯದು. ದಾರವೂ ಮುಖ್ಯ: ಒಳಗೆ ಪಾಲಿಯೆಸ್ಟರ್, ಸುತ್ತ ಹತ್ತಿ ಇರುವ ದಾರ ಒದ್ದೆಯಾದಾಗ ಉಬ್ಬಿ ಸೂಜಿಯ ರಂಧ್ರ ಮುಚ್ಚುತ್ತದೆ, ಬಲವೂ ಉಳಿಯುತ್ತದೆ.

ಗುಂಡಿಗೂ ಬಟ್ಟೆಗೂ ನಡುವೆ ದಾರ ಸುತ್ತಿದ ಕತ್ತು ಇರಬೇಕು, ಇಲ್ಲದಿದ್ದರೆ ದಪ್ಪ ಟ್ವೀಡ್ ಕಾಜದಲ್ಲಿ ಸಿಕ್ಕಿ ಬಟ್ಟೆ ಎಳೆಯುತ್ತದೆ. ಒಳಬದಿಗೆ ಚಿಕ್ಕ ಆಸರೆ ಗುಂಡಿ ಇದ್ದರೆ ಭಾರ ಬಟ್ಟೆಯ ಮೇಲೆ ಬೀಳುವುದಿಲ್ಲ. ಜೇಬಿನ ಒಳಚೀಲವನ್ನು ಬೆರಳಿನಿಂದ ಉಜ್ಜಿ ನೋಡಿ. ಉಳಿತಾಯ ನಡೆಯುವುದು ಕಾಣದ ಈ ಜಾಗದಲ್ಲೇ. ನನ್ನ ಕೋಟಿನಲ್ಲಿ ಸಿಕ್ಕ ಕೊರತೆಗಳು ಎರಡು: ಒಂದು ಗುಂಡಿಯ ದಾರ ಸಡಿಲ, ಕೆಳಜೇಬುಗಳ ಚೀಲ ತೆಳು ಮಿಶ್ರಬಟ್ಟೆಯದು. ವಿವರಣೆಯಲ್ಲಿ ದಪ್ಪ ಹತ್ತಿಯ ಡ್ರಿಲ್ ಬಟ್ಟೆ ಎಂದಿತ್ತು. ಉಳಿಸಿಟ್ಟ ಪುಟವನ್ನೂ ಚಿತ್ರವನ್ನೂ ಕಳಿಸಿದ ಮೇಲೆ ತಮ್ಮ ಖರ್ಚಿನಲ್ಲೇ ತರಿಸಿಕೊಂಡು ಚೀಲ ಬದಲಾಯಿಸಿ ಕೊಟ್ಟರು. ಮತ್ತೆ ಕಾಯಬೇಕಾಯಿತು. ತಿರಸ್ಕರಿಸುವ 30 ದಿನಗಳ ಲೆಕ್ಕ ದುರಸ್ತಿಗೆ ಕೊಟ್ಟಿರುವ ಅವಧಿಯಲ್ಲಿ ನಿಲ್ಲುತ್ತದೆ. ಕಳಿಸಿದ, ಬಂದ ತಾರೀಖುಗಳನ್ನು ಬರೆದಿಡಿ.

ತೊಡುವ ಅನುಭವಕ್ಕೆ ಬರುತ್ತೇನೆ. ಹೊಸ ವೆಂಟೈಲ್ ಬಿರುಸಾಗಿ ಸದ್ದು ಮಾಡುತ್ತದೆ. ಮೊಣಕೈ, ಕಂಕುಳುಗಳಲ್ಲಿ ಮೆತ್ತಗಾಗಲು ವಾರಗಳು ಬೇಕು. ಗಾಳಿ ತಡೆಯುವುದರಲ್ಲಿ ಇದಕ್ಕೆ ಸಾಟಿಯಿಲ್ಲ. ಒಣ ಚಳಿಯಲ್ಲಿ, ಬೀಸುಗಾಳಿಯಲ್ಲಿ ಒಂದು ಉಣ್ಣೆ ಸ್ವೆಟರಿನ ಮೇಲೆ ಧಾರಾಳ ಸಾಕು, ಹತ್ತುವ ದಾರಿಯಲ್ಲೂ ಒಳಗೆ ಬೆವರು ನಿಲ್ಲುವುದಿಲ್ಲ. ಮಳೆಯ ವಿಷಯದಲ್ಲಿ ನಿರೀಕ್ಷೆ ಸರಿಯಾಗಿರಲಿ. ಪೊರೆ ಅಂಟಿಸಿದ ಆಧುನಿಕ ಮಳೆಜಾಕೆಟ್ಟುಗಳು ಹತ್ತು ಸಾವಿರ ಮಿಲಿಮೀಟರಿಗೂ ಹೆಚ್ಚು ಎತ್ತರದ ನೀರಿನ ಕಂಬದ ಒತ್ತಡ ತಾಳುತ್ತವೆ. ಒಂದು ಪದರದ ವೆಂಟೈಲ್ ಸಾವಿರದ ಆಸುಪಾಸು, ಎಷ್ಟೋ ಬಾರಿ ಅದಕ್ಕಿಂತ ಕಡಿಮೆ. ಮೊದಲು ಹನಿಗಳು ಮಣಿಯಾಗಿ ಉರುಳುತ್ತವೆ, ಆಮೇಲೆ ಬಟ್ಟೆ ಕಪ್ಪಾಗಿ ನೆನೆದು ಹಲಗೆಯಂತೆ ಬಿರುಸಾಗುತ್ತದೆ. ಬೆನ್ನುಚೀಲದ ಪಟ್ಟಿ ಒತ್ತುವ ಭುಜದ ಜಾಗದಲ್ಲೇ ಮೊದಲು ನೀರು ಒಳಬರುವುದು. ದಿನವಿಡೀ ಸುರಿಯುವ ಮಳೆಗೆ ಎರಡು ಪದರದ ವೆಂಟೈಲ್ ಬೇಕು. ಇಷ್ಟಾದ ಮೇಲೆ ಒಣಗಲು ರಾತ್ರಿಯಿಡೀ ಸಾಲದು, ಒಮ್ಮೊಮ್ಮೆ ಮರುದಿನವೂ ಹಿಡಿಯುತ್ತದೆ. ಹೀಟರಿನ ಮೇಲೆ ಹಾಕದೆ ಅಗಲವಾದ ಹ್ಯಾಂಗರಿನಲ್ಲಿ ಗಾಳಿಗೆ ತೂಗುಹಾಕಿ.

ಎರಡು ಬಟ್ಟೆ ಸೇರಿದಲ್ಲಿ ಇನ್ನೊಂದು ತೊಡಕಿದೆ. ನೆನೆದು ಒಣಗುವಾಗ ಉಣ್ಣೆ, ಹತ್ತಿ ಒಂದೇ ಪ್ರಮಾಣದಲ್ಲಿ ಕುಗ್ಗುವುದಿಲ್ಲ, ಕೂಡುಹೊಲಿಗೆಯ ಉದ್ದಕ್ಕೂ ಸಣ್ಣ ಸುಕ್ಕು ಏಳುತ್ತದೆ. ಒದ್ದೆ ಬಟ್ಟೆಯನ್ನು ನಡುವೆ ಇಟ್ಟು ಹದವಾದ ಇಸ್ತ್ರಿ ಒತ್ತಿದರೆ ಬಹುಪಾಲು ಸರಿಹೋಗುತ್ತದೆ. ಇದಕ್ಕಿಂತ ದೊಡ್ಡ ಪ್ರಶ್ನೆ ತೊಳೆಯುವುದು. ವೆಂಟೈಲನ್ನು ಶುದ್ಧ ಸೋಪಿನಲ್ಲಿ ತೊಳೆಯಬೇಕು. ಮಾಮೂಲಿ ಡಿಟರ್ಜೆಂಟಿನ ಶೇಷ ನೀರನ್ನು ಎಳೆದುಕೊಳ್ಳುತ್ತದೆ. ಆಮೇಲೆ ನೀರುನಿರೋಧಕ ಹಚ್ಚಬೇಕು. ಟ್ವೀಡನ್ನೋ ಮಷಿನ್ನಿಗೆ ಹಾಕುವಂತಿಲ್ಲ, ಡ್ರೈಕ್ಲೀನಿಂಗ್ ಬೇಕು. ಆ ದ್ರಾವಕ ವೆಂಟೈಲಿನ ನೀರುನಿರೋಧಕವನ್ನು ತೆಗೆದುಬಿಡುತ್ತದೆ. ನನ್ನ ಕೋಟಿನ ದಾರಿ ಇದು: ಟ್ವೀಡಿಗೆ ಮೆತ್ತನೆಯ ಬ್ರಷ್ಷು, ಕಲೆಯಾದ ಜಾಗಕ್ಕೆ ಮಾತ್ರ ತಣ್ಣೀರಿನ ಬಟ್ಟೆ, ವರ್ಷಕ್ಕೊಮ್ಮೆ ವೆಂಟೈಲ್ ಭಾಗಕ್ಕೆ ಮಾತ್ರ ಸ್ಪ್ರೇ. ಡ್ರೈಕ್ಲೀನಿಂಗ್ ತೀರಾ ಅನಿವಾರ್ಯವಾದಾಗ, ಅದಾದ ಮೇಲೆ ಮತ್ತೆ ಸ್ಪ್ರೇ. ಟ್ವೀಡ್ ಜೊತೆ ವ್ಯಾಕ್ಸ್ಡ್ ಕಾಟನ್ ಸೇರಿಸಿದ ಕೋಟು ಇನ್ನೂ ಕಷ್ಟ. ಮೇಣದ ಬಟ್ಟೆಯನ್ನು ಮಷಿನ್ನಿನಲ್ಲೂ ಹಾಕುವಂತಿಲ್ಲ, ಡ್ರೈಕ್ಲೀನಿಂಗಿಗೂ ಕೊಡುವಂತಿಲ್ಲ, ಮತ್ತೆ ಬಿಸಿಮೇಣ ಹಚ್ಚುವಾಗ ಪಕ್ಕದ ಟ್ವೀಡಿಗೆ ಹರಿದರೆ ಹೋಗದ ಕಲೆ. ಎರಡು ಬಟ್ಟೆಯ ಕೋಟು ನೋಡಲು ಸುಂದರ, ಆದರೆ ನಿತ್ಯದ ಬಳಕೆಗೆ ಒಂದೇ ಬಟ್ಟೆಯದನ್ನೇ ನಾನು ಸೂಚಿಸುತ್ತೇನೆ.

ಬೇಸಿಗೆಯಲ್ಲಿ ಎತ್ತಿಡುವಾಗ ಬಟ್ಟೆಹುಳುವಿನ ಭಯ. ಅದರ ಮರಿಗೆ ಉಣ್ಣೆಯ ಜೊತೆ ಬೆವರು, ಆಹಾರದ ಕಲೆ ಸಿಕ್ಕರೆ ಇನ್ನೂ ಇಷ್ಟ. ಬ್ರಷ್ ಮಾಡಿ, ಕಾಲರಿನ ಕೆಳಗೆ, ಜೇಬಿನ ಮುಚ್ಚಳದ ಅಡಿ ನೋಡಿ, ಜಿಪ್ ಇರುವ ಚೀಲದಲ್ಲಿಡಿ. ಅನುಮಾನ ಬಂದರೆ ಗಾಳಿಯಾಡದ ಚೀಲದಲ್ಲಿ ಕಟ್ಟಿ ಮೈನಸ್ 18 ಡಿಗ್ರಿಯ ಫ್ರೀಜರಿನಲ್ಲಿ ಎರಡು ವಾರ. ಜಿಪ್ಪಿನ ವಿಷಯ ಒಂದೇ ಮಾತು: ಕೆಳಗಿನ ಕಡ್ಡಿ ಪೂರ್ತಿ ಕೂತ ಮೇಲೆ ಮಾತ್ರ ಎಳೆಯಿರಿ. ಎರಡು ಸ್ಲೈಡರುಗಳಿರುವ ಜಿಪ್ಪುಗಳು ಹಾಳಾಗುವುದು ಹೆಚ್ಚಾಗಿ ಬುಡದ ಪಟ್ಟಿ ಹರಿದು.

ಈಗ ಬೆಲೆಯ ಪ್ರಶ್ನೆ. 1,150 ಪೌಂಡ್ ಎಲ್ಲಿ ಹೋಗುತ್ತದೆ? ವ್ಯಾಟ್ 192. ಉಳಿದ 958ರಲ್ಲಿ ಅಂಗಡಿಯ ಮೂಲಕ ಮಾರಾಟವಾದರೆ ಅರ್ಧ ಅಥವಾ ಅದಕ್ಕಿಂತ ಹೆಚ್ಚು ಅಂಗಡಿಯ ಪಾಲು. ಸಗಟು ಬೆಲೆಯನ್ನು ಎರಡರಿಂದ ಎರಡೂವರೆ ಪಟ್ಟು ಮಾಡುವುದು ಈ ವ್ಯಾಪಾರದ ರೂಢಿ. ತಯಾರಕರಿಗೆ ತಲುಪುವುದು ಸುಮಾರು 380ರಿಂದ 480. ಅದರಲ್ಲೇ ಬಟ್ಟೆ, ಜಿಪ್, ಗುಂಡಿ, ಗಂಟೆಗಟ್ಟಲೆಯ ಹೊಲಿಗೆಯ ಕೂಲಿ, ಮಾದರಿ ತಯಾರಿಕೆಯ ಖರ್ಚು. ಮಾದರಿಯ ಖರ್ಚನ್ನು ಸಾವಿರ ಕೋಟುಗಳಿಗೆ ಹಂಚುವುದಕ್ಕೂ ಕೆಲವೇ ಡಜನ್ನಿಗೆ ಹಂಚುವುದಕ್ಕೂ ವ್ಯತ್ಯಾಸವಿದೆ. ಸೀಮಿತ ಆವೃತ್ತಿಯ ಬೆಲೆ ಏರಲು ಇರುವ ಪ್ರಾಮಾಣಿಕ ಕಾರಣ ಇದೊಂದೇ. ನಂಬರಿನ ಪಟ್ಟಿಗೆ ಪ್ರತ್ಯೇಕ ಬೆಲೆಯಿಲ್ಲ. ತಯಾರಕರಿಂದಲೇ ನೇರವಾಗಿ ಕೊಂಡರೆ ಅದೇ ಹಣದಲ್ಲಿ ಹೆಚ್ಚು ಪಾಲು ಹೊಲಿದವರಿಗೆ ಸೇರುತ್ತದೆ.

'ದಿನಕ್ಕೆ ಎಷ್ಟು ಬಿತ್ತು ಎಂದು ಲೆಕ್ಕ ಹಾಕಿದರೆ ದುಬಾರಿಯದೇ ಅಗ್ಗ' ಎಂಬ ಮಾತು ಎಲ್ಲೆಡೆ ಕೇಳುತ್ತದೆ. ಲೆಕ್ಕ ಹಾಕಿ ನೋಡೋಣ. ವರ್ಷಕ್ಕೆ 60 ದಿನ, 15 ವರ್ಷ ತೊಟ್ಟರೆ 900 ದಿನ. ಆರೈಕೆ, ದುರಸ್ತಿಗೆ 250 ಸೇರಿಸಿ ಒಟ್ಟು 1,400 ಪೌಂಡ್, ದಿನಕ್ಕೆ 1.56. ಒಳ್ಳೆಯದೇ ಆದ 250 ಪೌಂಡಿನ ಜಾಕೆಟ್ ನಾಲ್ಕೇ ವರ್ಷ ಬಾಳಿದರೂ 240 ದಿನ, ದಿನಕ್ಕೆ 1.04. ನನ್ನ ಕೋಟು ಆ ದರಕ್ಕೆ ಇಳಿಯಲು ಕಾಲು ಶತಮಾನ ಬಾಳಬೇಕು. ಬಾಳಬಹುದು, ಬಟ್ಟೆಗೆ ಆ ಶಕ್ತಿಯಿದೆ. ಆದರೆ ಉಳಿತಾಯದ ಹೆಸರಲ್ಲಿ ಇದನ್ನು ಕೊಳ್ಳುವುದಕ್ಕೆ ಅರ್ಥವಿಲ್ಲ. ದ್ವೀಪದ ಮನೆಯಲ್ಲಿ ಕಾಲಿನಿಂದ ನೇಯ್ದ ಬಟ್ಟೆ ಬೇಕು, ಬಿಚ್ಚಿ ದುರಸ್ತಿ ಮಾಡಬಹುದಾದ ಕೋಟು ಬೇಕು, ಇದನ್ನು ಹೊಲಿಯುವ ಕೈಗಳಿಗೆ ಸರಿಯಾದ ಕೂಲಿ ಸಿಗಬೇಕು ಎಂಬ ಆಸೆ ಇರುವವರಿಗೆ ಬೆಲೆ ಸಮರ್ಥನೀಯ. ನನಗೆ ಅದು ಮುಖ್ಯ, ಹಾಗಾಗಿ ಕೊಟ್ಟ ಹಣದ ಬಗ್ಗೆ ಬೇಸರವಿಲ್ಲ. ಬೆಚ್ಚಗೆ, ಒದ್ದೆಯಾಗದೆ ಇರುವುದಷ್ಟೇ ಬೇಕಾದವರಿಗೆ ಕಾಲುಭಾಗದ ಬೆಲೆಯಲ್ಲಿ ಇದಕ್ಕಿಂತ ಹಗುರವಾದದ್ದು ಸಿಗುತ್ತದೆ. ನಡುವಿನ ದಾರಿಯೂ ಇದೆ: ಅದೇ ಬಟ್ಟೆಯ ಮಾಮೂಲಿ ಸಾಲಿನ ಕೋಟು, ಅಥವಾ ಚೆನ್ನಾಗಿ ಇಟ್ಟುಕೊಂಡ ಹಳೆಯ ಕೋಟು.

ಮರುಮಾರಾಟದ ಲಾಭವನ್ನು ನಂಬಿ ಕೊಳ್ಳಬೇಡಿ. ಮಾರುವವರು ಕೇಳುವ ಬೆಲೆಯಲ್ಲ, ನಿಜವಾಗಿ ಮಾರಾಟವಾದ ಬೆಲೆ ಹುಡುಕಿ ನೋಡಿ. ನಂಬರಿಗಿಂತ ಸೈಜೇ ಅಲ್ಲಿ ಮುಖ್ಯ. ತೀರ ಚಿಕ್ಕ, ತೀರ ದೊಡ್ಡ ಸೈಜುಗಳು ತಿಂಗಳುಗಟ್ಟಲೆ ಕೂರುತ್ತವೆ. ಇನ್‌ವಾಯ್ಸ್, ಚೀಟಿಗಳು, ದುರಸ್ತಿಯ ಪತ್ರಗಳನ್ನು ಹೇಗೂ ಒಟ್ಟಿಗೆ ಇಟ್ಟುಕೊಳ್ಳಿ, ವಿಮೆಗೂ ಬೇಕಾಗುತ್ತವೆ.

ಕೊನೆಯದಾಗಿ ತಯಾರಕರಿಂದ ಕೇಳಿ ಪಡೆಯಬೇಕಾದದ್ದು: ಎರಡೂ ಬಟ್ಟೆಗಳ ಅಂಗೈಯಗಲದ ತುಂಡು, ಎರಡು ಹೆಚ್ಚಿನ ಗುಂಡಿ, ಒಂದಷ್ಟು ದಾರ. ಕತ್ತರಿಸುವಾಗ ಉಳಿದ ಚೂರುಗಳು ಕೆಲವೇ ತಿಂಗಳಲ್ಲಿ ಕಸಕ್ಕೆ ಹೋಗುತ್ತವೆ, ಇಂಥ ಟ್ವೀಡ್ ಮತ್ತೆ ನೇಯುವುದಿಲ್ಲ. ಮುಂದೊಂದು ದಿನ ಹುಳು ತಿಂದ ರಂಧ್ರಕ್ಕೆ ರಫೂ ಮಾಡುವವರು ಎಳೆ ಬಿಡಿಸಿಕೊಳ್ಳುವುದು ಆ ತುಂಡಿನಿಂದಲೇ. ಕೋಟು ಕಳಿಸುವ ಮುನ್ನವೇ ಪತ್ರ ಬರೆದರೆ ಹೆಚ್ಚಿನವರು ಹಣ ಕೇಳದೆ ಪೆಟ್ಟಿಗೆಯೊಳಗೆ ಇಡುತ್ತಾರೆ.